ಬಾಯಿಯ ಮಚ್ಚೆಯ ಸ್ಮಿಯರ್‌ಗೆ ಯಾವ ಸ್ಟೇನ್ ಸರಿ? ಪ್ಯಾಪ್, ಎಚ್ ಅಂಡ್ ಇ, ಜೀಮ್ಸಾ ಹೋಲಿಸಿ ನೋಡುವ ಸಮಗ್ರ ಮಾರ್ಗದರ್ಶಿ

"ಸಾರ್, ಪ್ಯಾಪ್ ಚೆನ್ನಾಗಿ ಬಂದಿದೆ, ಜೀಮ್ಸಾ ಕೆಟ್ಟಿದೆ, ಪ್ಯಾಪೇ ಒಳ್ಳೇದು ಅಂತ ಬರೀಲಾ?" ದಾವಣಗೆರೆಯಲ್ಲಿ ಪ್ರತಿ ವರ್ಷ ಯಾರಾದರೂ ಒಬ್ಬರು ಸ್ಲೈಡ್ ಟ್ರೇ ಹಿಡಿದುಕೊಂಡು ಬಂದು ಇದನ್ನೇ ಕೇಳುತ್ತಾರೆ. ಸ್ಮಿಯರ್ ಅಂದರೆ ಮಚ್ಚೆಯಿಂದ ಬ್ರಷ್‌ನಲ್ಲಿ ಕೋಶ ತೆಗೆದು ಗಾಜಿನ ಸ್ಲೈಡಿಗೆ ಹಚ್ಚಿದ್ದು, ಸ್ಟೇನ್ ಅಂದರೆ ಆ ಕೋಶ ಕಾಣುವಂತೆ ಹಾಕುವ ಬಣ್ಣ; ಪ್ಯಾಪ್, ಎಚ್ ಅಂಡ್ ಇ, ಜೀಮ್ಸಾ ಮೂರೂ ಅಂಥ ಸ್ಟೇನ್‌ಗಳು. ಮೈಕ್ರೋಸ್ಕೋಪ್‌ನಲ್ಲಿ ಇಟ್ಟು ನೋಡಿದರೆ ಪ್ಯಾಪ್ ಸ್ಲೈಡಿನ ತುಂಬ ಕೋಶಗಳು, ಜೀಮ್ಸಾ ಸ್ಲೈಡಿನಲ್ಲಿ ಅಲ್ಲೊಂದು ಇಲ್ಲೊಂದು. ಇದು ಸ್ಟೇನ್‌ನ ತಪ್ಪಲ್ಲ. ಬ್ರಷ್ ತುಂಬಿಕೊಂಡಿದ್ದಾಗ ಪ್ಯಾಪ್ ಸ್ಲೈಡಿಗೆ ಉರುಳಿಸಿದ್ದಾರೆ, ಉಳಿದದ್ದು ಜೀಮ್ಸಾಗೆ ಸಿಕ್ಕಿದೆ. ಅಷ್ಟೇ.

ನನಗೂ ಹೀಗೇ ಆಗಿತ್ತು. ಮೊದಲ ಸಲ ಮಾಡಿದಾಗ 20 ರೋಗಿಗಳ ಸ್ಲೈಡನ್ನು ಪೂರ್ತಿ ಪಕ್ಕಕ್ಕೆ ಇಡಬೇಕಾಯಿತು, ಯಾಕೆಂದರೆ ಎಲ್ಲರಲ್ಲೂ ಮೊದಲ ಸ್ಮಿಯರ್ ಪ್ಯಾಪ್‌ಗೇ ಹೋಗಿತ್ತು. ಆ ರೋಗಿಗಳನ್ನು ಮತ್ತೆ ಕರೆಸೋದು ಎಷ್ಟು ಕಷ್ಟ ಅಂತ ಅವತ್ತು ಗೊತ್ತಾಯಿತು. ಜಗಳೂರು ಕಡೆಯಿಂದ ಬಸ್ ಹತ್ತಿ, ಒಂದು ದಿನದ ಕೂಲಿ ಬಿಟ್ಟು ಬಂದವರು ಅವರು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಬಣ್ಣದ ಜಾರ್‌ಗೆ ಸ್ಲೈಡ್ ಇಳಿಸುವ ಮೊದಲೇ ಈ ಕೆಲಸ ಅರ್ಧ ಮುಗಿದಿರುತ್ತದೆ, ಕೆಡೋದಿದ್ದರೆ ಅಲ್ಲೇ ಕೆಟ್ಟಿರುತ್ತದೆ.

## ಹಂತ 1: ಏನನ್ನು ಹೋಲಿಸುತ್ತಿದ್ದೀರಿ, ಮೊದಲು ಬರೆದಿಡಿ

"ಯಾವ ಸ್ಟೇನ್ ಒಳ್ಳೇದು" ಅನ್ನೋದು ಪ್ರಶ್ನೆಯೇ ಅಲ್ಲ. ಯಾವುದಕ್ಕೆ ಒಳ್ಳೇದು? ಅಸಹಜ ನ್ಯೂಕ್ಲಿಯಸ್ (ಕೋಶಕೇಂದ್ರ) ಹಿಡಿಯೋಕಾ, ಕೆರಟಿನ್ (ಮೇಲ್ಪದರದ ಕೋಶವನ್ನು ಗಟ್ಟಿ ಮಾಡುವ ಪ್ರೋಟೀನ್) ಗುರುತಿಸೋಕಾ, ಇಲ್ಲ ಕ್ಯಾಂಪಿನಲ್ಲಿ ಬೇಗ ಮುಗಿಸೋಕಾ? ಒಂದನ್ನು ಮುಖ್ಯ ಅಂತ ಆರಿಸಿ, ಒಂದು ಸಾಲಿನಲ್ಲಿ ಬರೆಯಿರಿ. ಉಳಿದದ್ದು ಆಮೇಲೆ.

ಮೊದಲ ಸಲ ಮಾಡುವವರು ಮೂರೇ ಸ್ಟೇನ್ ತೆಗೆದುಕೊಳ್ಳಿ: ಪ್ಯಾಪ್, ಎಚ್ ಅಂಡ್ ಇ (ಹೆಮಟಾಕ್ಸಿಲಿನ್ ಮತ್ತು ಇಯೋಸಿನ್), ಮೇ ಗ್ರುನ್‌ವಾಲ್ಡ್ ಜೀಮ್ಸಾ (ಇಲ್ಲಿ ಚಿಕ್ಕದಾಗಿ ಜೀಮ್ಸಾ). ಫಾಯ್ಲ್‌ಗೆನ್, ಸಿಲ್ವರ್ ಸ್ಟೇನ್, ಅಕ್ರಿಡಿನ್ ಆರೆಂಜ್ ಎಲ್ಲವನ್ನೂ ಒಂದೇ ಪ್ರೋಟೋಕಾಲ್‌ಗೆ ತುಂಬಬೇಡಿ. ಅವು ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತವೆ. ಮೈಕ್ರೋನ್ಯೂಕ್ಲಿಯಸ್ (ಮುಖ್ಯ ನ್ಯೂಕ್ಲಿಯಸ್ ಪಕ್ಕ ಕಾಣುವ ಪುಟ್ಟ ನ್ಯೂಕ್ಲಿಯಸ್) ಎಣಿಸುವುದೇ ನಿಮ್ಮ ಗುರಿ ಆಗಿದ್ದರೆ ಫಾಯ್ಲ್‌ಗೆನ್ ಥರದ ಸ್ಟೇನ್ ಆರಿಸಿ. ಅದು ಡಿ.ಎನ್.ಎ.ಗೆ ಮಾತ್ರ ಹಿಡಿಯುತ್ತದೆ. ಜೀಮ್ಸಾ ಹಾಕಿ ಎಣಿಸಿದರೆ ಬ್ಯಾಕ್ಟೀರಿಯಾ, ಕೆರಟೋಹಯಲಿನ್ ಕಣ ಎಲ್ಲ ಮೈಕ್ರೋನ್ಯೂಕ್ಲಿಯಸ್ ಥರಾನೇ ಕಂಡು ಲೆಕ್ಕ ಏರಿಬಿಡುತ್ತದೆ.

ಟೊಲ್ಯುಡಿನ್ ಬ್ಲೂ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಜಾಸ್ತಿ ಜನ ಗೊಂದಲ ಮಾಡಿಕೊಳ್ಳೋದು ಇದರಲ್ಲೇ. ಬಾಯಿಗೆ ನೇರವಾಗಿ ಹಚ್ಚುವ 1% ಟೊಲ್ಯುಡಿನ್ ಬ್ಲೂ ಮಚ್ಚೆಯ ಯಾವ ಭಾಗ ಅನುಮಾನ ಅಂತ ತೋರಿಸುತ್ತದೆ, ಬಯಾಪ್ಸಿ ಎಲ್ಲಿ ತೆಗೆಯಬೇಕು ಅನ್ನೋದಕ್ಕೆ ನೆರವಾಗುತ್ತದೆ. ಸ್ಲೈಡಿನ ಸ್ಟೇನ್ ಜೊತೆ ಅದನ್ನು ಒಂದೇ ಕೋಷ್ಟಕದಲ್ಲಿ ಹೋಲಿಸೋಕೆ ಬರೋದಿಲ್ಲ. ಹಚ್ಚಲೇಬೇಕು ಅಂದರೆ ಸ್ಮಿಯರ್ ತೆಗೆದ ಮೇಲೆ ಹಚ್ಚಿ. ಮೊದಲೇ ಹಚ್ಚಿದರೆ ಆ ನೀಲಿ ನಿಮ್ಮ ಮೂರೂ ಸ್ಲೈಡಿಗೆ ಬರುತ್ತದೆ. ಬರೀ ಉರಿಯೂತ ಇರುವ ಜಾಗವೂ ನೀಲಿ ಹಿಡಿಯುತ್ತದೆ ಅನ್ನೋದು ನೆನಪಿರಲಿ. ಅನುಮಾನ ಇದ್ದರೆ 14 ದಿನ ಬಿಟ್ಟು ಮತ್ತೆ ಹಚ್ಚಿ ನೋಡುವುದು ರೂಢಿ.

## ಹಂತ 2: ಸಾಮಾನು ಮೊದಲು, ರೋಗಿ ಆಮೇಲೆ

ರೋಗಿ ಕುರ್ಚಿಯಲ್ಲಿ ಬಾಯಿ ತೆರೆದು ಕೂತಾಗ ಆಲ್ಕೋಹಾಲ್ ಹುಡುಕೋಕೆ ಹೋಗಬಾರದು. ಕೈಗೆಟುಕುವಂತೆ ಇವು ಇರಲಿ:

- ಒಂದು ತುದಿ ಮಸುಕಾಗಿರುವ ಗಾಜಿನ ಸ್ಲೈಡ್, ಒಬ್ಬರಿಗೆ 4 (ಮೂರು ಸ್ಟೇನ್‌ಗೆ, ಒಂದು ಹೆಚ್ಚುವರಿ)
- ಸೈಟೋಬ್ರಷ್, ಒಂದು ಸ್ಲೈಡಿಗೆ ಒಂದು
- 95% ಈಥೈಲ್ ಆಲ್ಕೋಹಾಲ್ ತುಂಬಿದ, ಬಿಗಿ ಮುಚ್ಚಳದ ಕಾಪ್ಲಿನ್ ಜಾರ್
- ಒಣಗಿಸುವ ಸ್ಲೈಡಿಗೆ ಬೇರೆ ಟ್ರೇ
- ಮೆಥನಾಲ್, ಪಿ.ಎಚ್. 6.8 ಬಫರ್
- ಹ್ಯಾರಿಸ್ ಹೆಮಟಾಕ್ಸಿಲಿನ್, ಓ.ಜಿ. 6 ಮತ್ತು ಇ.ಎ. 50 (ಪ್ಯಾಪ್‌ನ ಸೈಟೋಪ್ಲಾಸಂ ಬಣ್ಣಗಳು), 1% ಇಯೋಸಿನ್, ಮೇ ಗ್ರುನ್‌ವಾಲ್ಡ್ ಮತ್ತು ಜೀಮ್ಸಾ ದ್ರಾವಣ
- ಕ್ಸೈಲೀನ್, ಡಿ.ಪಿ.ಎಕ್ಸ್. (ಕವರ್ ಸ್ಲಿಪ್ ಅಂಟಿಸುವ, ಅಂದರೆ ಮೌಂಟ್ ಮಾಡುವ ಅಂಟು), ಕವರ್ ಸ್ಲಿಪ್
- ಪೆನ್ಸಿಲ್

ಪೆನ್ಸಿಲ್ ಯಾಕೆ ಅಂದರೆ, ಪೆನ್ ಇಂಕು ಮತ್ತು ಮಾರ್ಕರ್ ಆಲ್ಕೋಹಾಲ್‌ನಲ್ಲಿ ತೊಳೆದು ಹೋಗುತ್ತದೆ. ಹೆಸರಿಲ್ಲದ 12 ಸ್ಲೈಡ್ ಒಂದೇ ಜಾರ್‌ನಲ್ಲಿ ನಿಂತಿರೋದನ್ನು ಒಮ್ಮೆ ನೋಡಿದವರು ಮತ್ತೆ ಪೆನ್ ಮುಟ್ಟೋದಿಲ್ಲ.

ಬಟ್ಟಲಿನಿಂದ ಬಟ್ಟಲಿಗೆ ಹೋದಂತೆ ಆಲ್ಕೋಹಾಲ್ ತೆಳುವಾಗುತ್ತಾ ಬರುತ್ತದೆ, ಬೇಸಿಗೆಯಲ್ಲಿ ಮುಚ್ಚಳ ತೆಗೆದಿಟ್ಟರೆ ಆವಿಯೂ ಆಗುತ್ತದೆ. ಹೆಮಟಾಕ್ಸಿಲಿನ್ ಮೇಲೆ ಲೋಹದ ಥರ ಹೊಳೆಯುವ ಪೊರೆ ಕಟ್ಟಿದ್ದರೆ ಸೋಸದೆ ಬಳಸಬೇಡಿ. ದಿನಾ ಬೆಳಿಗ್ಗೆ ಫಿಲ್ಟರ್ ಪೇಪರ್‌ನಲ್ಲಿ ಸೋಸುವುದನ್ನೇ ಅಭ್ಯಾಸ ಮಾಡಿಕೊಳ್ಳಿ.

## ಹಂತ 3: ಬಾಯಿ ತಯಾರು ಮಾಡುವುದು

ನಮ್ಮ ಕಡೆ ಇದು ಸಣ್ಣ ಕೆಲಸ ಅಲ್ಲ. ಚನ್ನಗಿರಿ, ಭೀಮಸಮುದ್ರ, ಹೊಳಲ್ಕೆರೆ, ಎಲ್ಲಿ ಹೋದರೂ ಅಡಿಕೆ. ತೋಟದಲ್ಲಿ, ಸುಲಿಯುವ ಮನೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ. ಹೊಗೆಸೊಪ್ಪು ಇಲ್ಲದಿದ್ದರೂ ಬರೀ ಅಡಿಕೆಯೇ ಕ್ಯಾನ್ಸರ್ ತರುತ್ತದೆ ಅಂತ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಮೊದಲ ಗುಂಪಿಗೆ ಸೇರಿಸಿದೆ. ಆದರೂ "ನಾನು ತಂಬಾಕು ಹಾಕಲ್ಲ ಸಾರ್, ಬರೀ ಎಲೆ ಅಡಿಕೆ" ಅಂತ ನೆಮ್ಮದಿಯಿಂದ ಹೇಳುವವರು ಬಹಳ. ಕೇಸ್ ಶೀಟಿನಲ್ಲಿ ಎರಡನ್ನೂ ಬೇರೆ ಬೇರೆ ಕೇಳಿ: ಅಡಿಕೆ ಎಷ್ಟು, ಹೊಗೆಸೊಪ್ಪು ಎಷ್ಟು, ಗುಟ್ಕಾ ಎಷ್ಟು, ಯಾವ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಾರೆ.

ಒಪ್ಪಿಗೆ ಪತ್ರ ಕನ್ನಡದಲ್ಲಿ ಇರಲಿ, ಓದೋಕೆ ಬಾರದವರಿಗೆ ಓದಿ ಹೇಳಿ. ಆಮೇಲೆ ನೀರಿನಲ್ಲಿ ಎರಡು ಸಲ ಚೆನ್ನಾಗಿ ಬಾಯಿ ಮುಕ್ಕಳಿಸಲಿ. ಎಲೆ ಅಡಿಕೆ ಹಾಕಿ ಬಂದ ಬಾಯಿಯಾದರೆ ಕೆಂಪು ಕಂದು ಚೂರು, ಸುಣ್ಣದ ಕಣ ಕೋಶಗಳ ಮೇಲೆ ಕೂತಿರುತ್ತವೆ. ಇನ್ನೊಂದು ಸಲ ಮುಕ್ಕಳಿಸಲು ಹೇಳಿ, ಒದ್ದೆ ಗಾಜ್ ಬಟ್ಟೆಯಿಂದ ಮೆಲ್ಲಗೆ ಒತ್ತಿ ತೆಗೆಯಿರಿ. ಉಜ್ಜಬೇಡಿ. ಉಜ್ಜಿದರೆ ನಿಮಗೆ ಬೇಕಾದ ಕೋಶಗಳೇ ಗಾಜ್‌ಗೆ ಹೋಗುತ್ತವೆ.

ಸಬ್‌ಮ್ಯೂಕಸ್ ಫೈಬ್ರೋಸಿಸ್ (ಕೆನ್ನೆಯ ಒಳಪದರ ಬಿಗಿದು ಬಾಯಿ ತೆರೆಯಲು ಆಗದ ಕಾಯಿಲೆ) ರೋಗಿ ಬಂದಾಗ ಇನ್ನೂ ನಿಧಾನ ಬೇಕು. ಹೋದ ವರ್ಷ ಒಬ್ಬ ಹುಡುಗ ಬಂದಿದ್ದ. "ಮಂಡಕ್ಕಿ ಜೊತೆ ಮೆಣಸಿನಕಾಯಿ ಕಚ್ಚೋಕೇ ಆಗ್ತಿಲ್ಲ ಸಾರ್, ಬಾಯಿ ಬೆಂಕಿ ಬಿದ್ದಂಗೆ ಆಗುತ್ತೆ" ಅಂದ. ಬಾಯಿ ತೆರೆ ಅಂದರೆ ಎರಡು ಬೆರಳೂ ಹೋಗಲಿಲ್ಲ. ಕೆನ್ನೆಯ ಒಳಗೆ ಬೆರಳಿಟ್ಟರೆ ಬಿಳುಚಿಕೊಂಡ ಚರ್ಮದ ಕೆಳಗೆ ಹಗ್ಗ ಎಳೆದು ಕಟ್ಟಿದಂತೆ ಪಟ್ಟಿಗಳು ಸಿಗುತ್ತಿದ್ದವು. ಇಂಥ ಬಾಯಿಗೆ ಮರದ ಸ್ಪ್ಯಾಚುಲಾ ತೂರಿಸೋಕೆ ಹೋಗಬೇಡಿ, ಬ್ರಷ್ ಮಾತ್ರ ಹೋಗುತ್ತದೆ. ಮೇಲ್ಪದರ ಸವೆದಿರುವುದರಿಂದ ಕೋಶಗಳೂ ಕಮ್ಮಿ ಬರುತ್ತವೆ. ಈ ರೋಗಿಗಳ ಸ್ಲೈಡನ್ನು ಬಿಳಿ ಮಚ್ಚೆಯ ರೋಗಿಗಳ ಜೊತೆ ಒಂದೇ ರಾಶಿಗೆ ಹಾಕಿ ಸರಾಸರಿ ತೆಗೆಯಬೇಡಿ, ಗುಂಪು ಬೇರೆ ಮಾಡಿ.

## ಹಂತ 4: ಸ್ಮಿಯರ್ ತೆಗೆಯುವ ಸರದಿ

ಎಲ್ಲರೂ ಎಡವೋದು ಇಲ್ಲೇ. ಒಂದೇ ಜಾಗದಲ್ಲಿ ಮೂರು ಸಲ ಬ್ರಷ್ ಮಾಡಿದರೆ ಮೂರೂ ಒಂದೇ ಅಲ್ಲ. ಮೊದಲನೆಯದಕ್ಕೆ ಮೇಲ್ಪದರದ ಕೋಶ ಜಾಸ್ತಿ, ಆಮೇಲಿನದಕ್ಕೆ ಒಳಗಿನ ಕೋಶ ಜಾಸ್ತಿ, ಮೂರನೆಯದಕ್ಕೆ ರಕ್ತವೂ ಸೇರಬಹುದು. ಯಾವಾಗಲೂ ಪ್ಯಾಪ್ ಮೊದಲು ಅಂತ ಮಾಡಿದರೆ ನೀವು ಸ್ಟೇನ್ ಹೋಲಿಸುತ್ತಿಲ್ಲ, ಪದರ ಹೋಲಿಸುತ್ತಿದ್ದೀರಿ.

ಅದಕ್ಕೆ ಸರದಿ ಬದಲಿಸಿ. ಮೊದಲ ರೋಗಿಗೆ ಪ್ಯಾಪ್, ಎಚ್ ಅಂಡ್ ಇ, ಜೀಮ್ಸಾ. ಎರಡನೆಯವರಿಗೆ ಎಚ್ ಅಂಡ್ ಇ, ಜೀಮ್ಸಾ, ಪ್ಯಾಪ್. ಮೂರನೆಯವರಿಗೆ ಜೀಮ್ಸಾ, ಪ್ಯಾಪ್, ಎಚ್ ಅಂಡ್ ಇ. ನಾಲ್ಕನೆಯವರಿಂದ ಮತ್ತೆ ಮೊದಲಿನಿಂದ. ಈ ಪಟ್ಟಿಯನ್ನು ಮೊದಲೇ ಪ್ರಿಂಟ್ ಹಾಕಿ ಕುರ್ಚಿಯ ಪಕ್ಕ ಅಂಟಿಸಿ. ರೋಗಿ ಎದುರಿಗಿದ್ದಾಗ ನೆನಪಿನಿಂದ ಮಾಡೋಕೆ ಹೋದರೆ ಖಂಡಿತ ತಪ್ಪುತ್ತದೆ.

ಬ್ರಷ್ ಹಿಡಿದು ಮಚ್ಚೆಯ ಮೇಲೆ ಗಟ್ಟಿಯಾಗಿ ಒತ್ತಿ ಒಂದೇ ದಿಕ್ಕಿನಲ್ಲಿ ತಿರುಗಿಸಿ, ಮೂರಕ್ಕೂ ಅಷ್ಟೇ ಸುತ್ತು, ಅಷ್ಟೇ ಒತ್ತಡ. ನಾವು 10 ಸುತ್ತು ಅಂತ ಇಟ್ಟುಕೊಂಡಿದ್ದೇವೆ. ಸ್ಲೈಡಿನ ಮೇಲೆ ಬ್ರಷ್ ಉರುಳಿಸಿ, ತಿಕ್ಕಬೇಡಿ. ತಿಕ್ಕಿದ ಸ್ಮಿಯರ್‌ನಲ್ಲಿ ನ್ಯೂಕ್ಲಿಯಸ್‌ಗಳು ಬಾಲ ಎಳೆದ ಹಾಗೆ ಕಾಣುತ್ತವೆ, ಅಂಥದ್ದನ್ನು ನೋಡಿದರೆ ಎಣಿಸಬೇಡಿ. ಅದೇ ರೋಗಿಯ ಚೆನ್ನಾಗಿರುವ ಕೆನ್ನೆಯಿಂದಲೂ ಒಂದು ಸ್ಮಿಯರ್ ತೆಗೆದಿಟ್ಟರೆ ನಾಲ್ಕನೇ ಸ್ಲೈಡ್ ಅದಕ್ಕೆ ಬಳಕೆಯಾಗುತ್ತದೆ; ನ್ಯೂಕ್ಲಿಯಸ್ ಅಳೆಯುವುದಿದ್ದರೆ ಪ್ರತಿ ಸ್ಟೇನ್‌ಗೂ ಇಂಥದ್ದೊಂದು ಬೇಕು, ಸ್ಲೈಡ್, ಬ್ರಷ್ ಅಷ್ಟು ಹೆಚ್ಚು ಇಟ್ಟುಕೊಳ್ಳಿ.

ಬಯಾಪ್ಸಿ ಯಾವಾಗಲೂ ಸ್ಮಿಯರ್ ಆದ ಮೇಲೆ, ಅದೇ ಜಾಗದಿಂದ.

## ಹಂತ 5: ಫ್ಯಾನ್ ಆಫ್ ಮಾಡಿ, ಫಿಕ್ಸ್ ಮಾಡಿ

ಫಿಕ್ಸ್ ಮಾಡುವುದು ಅಂದರೆ ಕೋಶ ಕೆಡದಂತೆ ಇದ್ದ ಹಾಗೇ ಹಿಡಿದಿಡುವುದು. ಪ್ಯಾಪ್ ಮತ್ತು ಎಚ್ ಅಂಡ್ ಇ ಸ್ಲೈಡ್ ಒದ್ದೆ ಇರುವಾಗಲೇ ಆಲ್ಕೋಹಾಲ್‌ಗೆ ಹೋಗಬೇಕು. ಸೆಕೆಂಡುಗಳ ಲೆಕ್ಕ. ಏಪ್ರಿಲ್, ಮೇ ತಿಂಗಳ ದಾವಣಗೆರೆ ಸೆಕೆಯಲ್ಲಿ ಮೇಲೆ ಫ್ಯಾನ್ ಗರಗರ ಸುತ್ತುತ್ತಿದ್ದರೆ, ತೆಳುವಾದ ಸ್ಮಿಯರ್ ನೀವು ಜಾರ್ ಕಡೆ ತಿರುಗುವಷ್ಟರಲ್ಲಿ ಒಣಗಿರುತ್ತದೆ. ಸ್ಮಿಯರ್ ತೆಗೆಯುವ ಎರಡು ನಿಮಿಷ ಫ್ಯಾನ್ ಆಫ್ ಮಾಡಿ. ಸಹಾಯಕರೊಬ್ಬರು ಜಾರ್ ಮುಚ್ಚಳ ತೆಗೆದು ಬ್ರಷ್ ಪಕ್ಕದಲ್ಲೇ ಹಿಡಿದು ನಿಲ್ಲಲಿ. ಆಲ್ಕೋಹಾಲ್‌ನಲ್ಲಿ ಕಮ್ಮಿ ಅಂದರೂ 15 ನಿಮಿಷ ಇರಬೇಕು.

ಒಣಗಿದ ಸ್ಮಿಯರ್‌ಗೆ ಪ್ಯಾಪ್ ಹಾಕಿದರೆ ಹೇಗೆ ಗೊತ್ತಾಗುತ್ತದೆ? ನ್ಯೂಕ್ಲಿಯಸ್ ಉಬ್ಬಿ, ಮಂಜು ಕವಿದಂತೆ ಮಸುಕಾಗುತ್ತದೆ. ನೀಲಿ ಹಸಿರು ಬರಬೇಕಾದ ಸೈಟೋಪ್ಲಾಸಂ (ನ್ಯೂಕ್ಲಿಯಸ್ ಸುತ್ತಲಿನ ಭಾಗ) ಕೆಂಪಗೆ ತಿರುಗುತ್ತದೆ. ದೊಡ್ಡ ನ್ಯೂಕ್ಲಿಯಸ್ ನೋಡಿ "ಡಿಸ್‌ಪ್ಲೇಸಿಯಾ" (ಮುಂದೆ ಕ್ಯಾನ್ಸರ್ ಆಗಬಹುದಾದ ಕೋಶಗಳ ಬದಲಾವಣೆ) ಅಂತ ಬರೆದು ರೋಗಿಯನ್ನು ಹೆದರಿಸಬೇಡಿ.

ಜೀಮ್ಸಾ ಸ್ಲೈಡಿನದು ಇದರ ಉಲ್ಟಾ. ಅದು ಗಾಳಿಯಲ್ಲಿ ಬೇಗ, ಪೂರ್ತಿ ಒಣಗಬೇಕು. ಆಮೇಲೆ ಮೆಥನಾಲ್. ಅರ್ಧ ಒಣಗಿದ್ದನ್ನು ಮೆಥನಾಲ್‌ಗೆ ಹಾಕಿದರೆ ಎರಡೂ ಕಡೆ ಕೆಡುತ್ತದೆ. ಎರಡು ಟ್ರೇ ಅದಲು ಬದಲಾಗದಂತೆ ಸ್ಲೈಡಿನ ತುದಿಯಲ್ಲೇ ಪ, ಎ, ಜೀ ಅಂತ ಗುರುತು ಹಾಕಿಡಿ.

ಕ್ಯಾಂಪಿಗೆ ಹೋದಾಗ ಜಾರ್ ಪಕ್ಕಕ್ಕೆ ಉರುಳಿ ಆಲ್ಕೋಹಾಲ್ ಚೆಲ್ಲುವುದು ಸಾಮಾನ್ಯ. ತಿರುಪು ಮುಚ್ಚಳದ ಜಾರ್ ಒಯ್ಯಿರಿ, ವಾಪಸ್ ಬಂದ ಕೂಡಲೇ ಮಟ್ಟ ನೋಡಿ. ಸ್ಲೈಡಿನ ಮೇಲ್ಭಾಗ ಹೊರಗಿದ್ದರೆ ಆ ಭಾಗ ಒಣಗಿದೆ ಅಂತಲೇ ಲೆಕ್ಕ.

## ಹಂತ 6: ಸ್ಟೇನ್ ಹಾಕುವುದು

ಮೂರೂ ಸ್ಟೇನ್ ಒಂದೇ ವಾರದಲ್ಲಿ, ಒಂದೇ ಬ್ಯಾಚ್ ಬಾಟಲಿಯಿಂದ ಆಗಲಿ. ಪ್ಯಾಪ್ ಈ ತಿಂಗಳು ಹೊಸ ಬಾಟಲಿಯಲ್ಲಿ, ಜೀಮ್ಸಾ ಮುಂದಿನ ತಿಂಗಳು ಹಳೇ ಬಾಟಲಿಯಲ್ಲಿ ಮಾಡಿದರೆ ಹೋಲಿಕೆಗೆ ಅರ್ಥ ಇಲ್ಲ. ಪ್ರತಿ ಬ್ಯಾಚಿನಲ್ಲಿ ನಿಮ್ಮದೇ ಕೆನ್ನೆಯ ಒಂದು ಸ್ಮಿಯರ್ ಸೇರಿಸಿ. ಅದು ಸರಿ ಬಂದಿಲ್ಲ ಅಂದರೆ ಆ ಬ್ಯಾಚಿನ ದ್ರಾವಣದಲ್ಲೇ ತೊಂದರೆ.

ಪ್ಯಾಪ್. ಆಲ್ಕೋಹಾಲ್‌ನಿಂದ ಮೆಟ್ಟಿಲು ಮೆಟ್ಟಿಲಾಗಿ (80, 70, 50%) ನೀರಿಗೆ ಇಳಿಸಿ. ಹ್ಯಾರಿಸ್ ಹೆಮಟಾಕ್ಸಿಲಿನ್ 3ರಿಂದ 5 ನಿಮಿಷ. ನೀರು. 0.5% ಹೈಡ್ರೋಕ್ಲೋರಿಕ್ ಆಸಿಡ್‌ನಲ್ಲಿ ಒಂದೆರಡು ಅದ್ದು, ಅಷ್ಟೇ. ಮತ್ತೆ ನೀರು. ನೀಲಿ ಬರಿಸಲು ಸ್ಕಾಟ್ಸ್ ದ್ರಾವಣ: ಒಂದು ಲೀಟರ್ ನೀರಿಗೆ 3.5 ಗ್ರಾಂ ಸೋಡಿಯಂ ಬೈಕಾರ್ಬೊನೇಟ್, 20 ಗ್ರಾಂ ಮೆಗ್ನೀಸಿಯಂ ಸಲ್ಫೇಟ್. ನೀರಲ್ಲಿ ತೊಳೆದು 70, 95% ಆಲ್ಕೋಹಾಲ್‌ಗೆ ಏರಿಸಿ. ಓ.ಜಿ. 6ರಲ್ಲಿ 2 ನಿಮಿಷ, 95% ಆಲ್ಕೋಹಾಲ್ ಎರಡು ಬದಲಾವಣೆ, ಇ.ಎ. 50ರಲ್ಲಿ 3 ನಿಮಿಷ, ಮತ್ತೆ 95% ಎರಡು ಸಲ, ಪೂರ್ಣ ಆಲ್ಕೋಹಾಲ್, ಕ್ಸೈಲೀನ್, ಡಿ.ಪಿ.ಎಕ್ಸ್. ಸಮಯ ಬಾಟಲಿಗೆ ತಕ್ಕಂತೆ ಸ್ವಲ್ಪ ಆಚೆ ಈಚೆ ಆಗುತ್ತದೆ. ಮೊದಲ ದಿನ ಕೆನ್ನೆಯ ಸ್ಮಿಯರ್ ಮೇಲೆ ಪ್ರಯೋಗ ಮಾಡಿ ಸಮಯ ಗಟ್ಟಿ ಮಾಡಿಕೊಳ್ಳಿ, ಆಮೇಲೆ ನಡುವೆ ಬದಲಿಸಬೇಡಿ.

ಎಚ್ ಅಂಡ್ ಇ. ನೀಲಿ ಬರಿಸುವ ತನಕ ಪ್ಯಾಪ್ ದಾರಿಯೇ. ಆಮೇಲೆ ಇಯೋಸಿನ್ ಒಂದು ನಿಮಿಷದ ಒಳಗೆ, ಆಲ್ಕೋಹಾಲ್, ಕ್ಸೈಲೀನ್, ಮೌಂಟ್. ಎಲ್ಲ ಕಡೆ ಸಿಗುತ್ತದೆ, ಬೇಗ ಮುಗಿಯುತ್ತದೆ. ಆದರೆ ಕೆರಟಿನ್ ಬಂದ ಕೋಶ, ಬಾರದ ಕೋಶ ಎರಡೂ ಗುಲಾಬಿಯಾಗೇ ಕಾಣುತ್ತವೆ.

ಜೀಮ್ಸಾ. ಮೆಥನಾಲ್ 10 ನಿಮಿಷ. ಬಫರ್ ಜೊತೆ ಸಮ ಬೆರೆಸಿದ ಮೇ ಗ್ರುನ್‌ವಾಲ್ಡ್ 5 ನಿಮಿಷ. ಒಂದು ಭಾಗ ಜೀಮ್ಸಾಗೆ ಒಂಬತ್ತು ಭಾಗ ಬಫರ್ ಹಾಕಿ 15 ನಿಮಿಷ. ಬಫರ್‌ನಲ್ಲಿ ತೊಳೆದು, ನಿಲ್ಲಿಸಿ ಒಣಗಿಸಿ. ಇಲ್ಲಿ ಎರಡು ತಪ್ಪು ಪದೇ ಪದೇ ನೋಡುತ್ತೇನೆ. ಒಂದು, ಬಫರ್ ಬದಲು ನಲ್ಲಿ ನೀರು. ನಮ್ಮ ಕಡೆಯ ಗಡಸು ಬೋರ್ ನೀರು ಹಾಕಿದರೆ ಇಡೀ ಸ್ಲೈಡ್ ನೀಲಿಗೆ ಹೋಗಿ ನ್ಯೂಕ್ಲಿಯಸ್‌ನ ನೇರಳೆ ಬಣ್ಣ ಬರೋದೇ ಇಲ್ಲ. ಎರಡು, ಅಭ್ಯಾಸಬಲದಿಂದ ಕೊನೆಗೆ ಆಲ್ಕೋಹಾಲ್‌ನಲ್ಲಿ ಅದ್ದುವುದು. ಬಣ್ಣ ಪೂರ್ತಿ ಹೋಗಿಬಿಡುತ್ತದೆ. ಒಣಗಿದ ಮೇಲೆ ಕ್ಸೈಲೀನ್, ಮೌಂಟ್, ಅಷ್ಟೇ.

ಮೌಂಟ್ ಮಾಡುವಾಗ ಕಣ್ಣಿಟ್ಟು ನೋಡಬೇಕಾದ ಗುರುತುಗಳು: ಕ್ಸೈಲೀನ್ ಹಾಲಿನಂತೆ ಬಿಳಿಯಾಯಿತಾ, ಹಿಂದಿನ ಆಲ್ಕೋಹಾಲ್‌ನಲ್ಲಿ ನೀರು ಸೇರಿದೆ, ಹಿಂದಕ್ಕೆ ಹೋಗಿ ಬದಲಿಸಿ. ಕೋಶಗಳ ಮೇಲೆ ಕಂದು, ಹೊಳೆಯುವ ಚಕ್ಕೆಗಳಂತೆ ಕಾಣುತ್ತಿದೆಯಾ, ಕವರ್ ಸ್ಲಿಪ್ ಹಾಕುವ ಮೊದಲೇ ಕ್ಸೈಲೀನ್ ಆರಿ ಗಾಳಿ ಸಿಕ್ಕಿಕೊಂಡಿದೆ. ಕವರ್ ಸ್ಲಿಪ್ ತೆಗೆದು ಮತ್ತೆ ಕ್ಸೈಲೀನ್‌ಗೆ ಇಳಿಸಿ ಮೌಂಟ್ ಮಾಡಿದರೆ ಸರಿಹೋಗುತ್ತದೆ. ಕ್ಸೈಲೀನ್ ಕೆಲಸ ಕಿಟಕಿ ತೆರೆದು ಮಾಡಿ.

## ಹಂತ 7: ನೋಡುವುದು, ಅಂಕ ಹಾಕುವುದು

ಸ್ಲೈಡ್ ಕೈಗೆ ಬಂದರೆ ಬಣ್ಣ ಕಾಣುತ್ತದೆ. ಇದು ಯಾವ ಸ್ಟೇನ್ ಅನ್ನೋದನ್ನು ಮುಚ್ಚಿಡೋಕೆ ಆಗಲ್ಲ. ಆದರೆ ರೋಗಿ ಯಾರು, ಬಾಯಲ್ಲಿ ಏನಿತ್ತು, ಬಯಾಪ್ಸಿ ಏನು ಹೇಳಿತು ಅನ್ನೋದನ್ನು ಮುಚ್ಚಿಡಬಹುದು, ಮುಚ್ಚಿಡಲೇಬೇಕು. ಮೂರನೆಯವರೊಬ್ಬರು ಸ್ಲೈಡಿಗೆ ಕೋಡ್ ನಂಬರ್ ಅಂಟಿಸಿ ಕಲಸಿ ಕೊಡಲಿ. ಇಬ್ಬರು ಬೇರೆ ಬೇರೆ ಕೂತು ನೋಡಲಿ. ಮಧ್ಯೆ "ಇದು ನೋಡಿ ಮೇಡಂ, ಹೇಗನ್ಸುತ್ತೆ?" ಅಂತ ಕೇಳಿಕೊಂಡರೆ ಆ ಸ್ಲೈಡಿನ ಅಂಕ ಲೆಕ್ಕಕ್ಕಿಲ್ಲ.

ಅಂಕ ಹಾಕೋಕೆ ನಾವು ಐದು ವಿಷಯ ನೋಡುತ್ತೇವೆ: ಹಿನ್ನೆಲೆ ಎಷ್ಟು ಸ್ವಚ್ಛ, ಕೋಶದ ಅಂಚು, ಸೈಟೋಪ್ಲಾಸಂ ಬಣ್ಣ, ನ್ಯೂಕ್ಲಿಯಸ್ ಒಳಗಿನ ಕ್ರೊಮ್ಯಾಟಿನ್ (ಡಿ.ಎನ್.ಎ. ಇರುವ ಎಳೆ) ವಿವರ, ಸ್ಟೇನ್ ಎಲ್ಲ ಕಡೆ ಸಮವಾಗಿದೆಯಾ. ಪ್ರತಿಯೊಂದಕ್ಕೂ 0, 1, 2. ಯಾವುದಕ್ಕೆ 0, ಯಾವುದಕ್ಕೆ 2 ಅಂತ ಫೋಟೋ ಸಮೇತ ಒಂದು ಹಾಳೆ ಮಾಡಿಟ್ಟು, ಮೊದಲು 10 ಸ್ಲೈಡ್ ಇಬ್ಬರೂ ಸೇರಿ ನೋಡಿ ಕಣ್ಣು ಹೊಂದಿಸಿಕೊಳ್ಳಿ. ಆ 10 ಅಧ್ಯಯನಕ್ಕೆ ಸೇರಬಾರದು.

ದಪ್ಪ ಬಿಳಿ ಮಚ್ಚೆಯ ಪ್ಯಾಪ್ ಸ್ಲೈಡ್ ಮೋಸ ಮಾಡುತ್ತದೆ. ಕಿತ್ತಳೆ ಬಣ್ಣದ ಹಾಳೆಗಳು ಸ್ಲೈಡ್ ತುಂಬ ಹರಡಿ ನೋಡೋಕೆ ಬಹಳ ಚೆಂದ ಇರುತ್ತವೆ. ಹತ್ತಿರ ಹೋದರೆ ಒಂದರಲ್ಲೂ ನ್ಯೂಕ್ಲಿಯಸ್ ಇಲ್ಲ. ಬರೀ ಕೆರಟಿನ್. ಅದು ಒಳ್ಳೆ ಸ್ಟೇನ್, ಆದರೆ ಸಾಲದ ಸ್ಮಿಯರ್. ನ್ಯೂಕ್ಲಿಯಸ್ ಇರುವ ಎಷ್ಟು ಕೋಶ ಸಿಕ್ಕರೆ ಸ್ಮಿಯರ್ ಸಾಕು ಅನ್ನೋ ಗೆರೆಯನ್ನು ಮೊದಲೇ ಎಳೆದುಕೊಳ್ಳಿ, ಅದಕ್ಕಿಂತ ಕಮ್ಮಿ ಇದ್ದದ್ದನ್ನು "ಸಾಲದು" ಅಂತ ಬರೆದು ಎಣಿಕೆಯಲ್ಲಿ ತೋರಿಸಿ. ಬಚ್ಚಿಡಬೇಡಿ.

ಇನ್ನೊಂದು ಮಾತು, ನ್ಯೂಕ್ಲಿಯಸ್ ಅಳತೆ ಮಾಡುವವರಿಗೆ. ಗಾಳಿಯಲ್ಲಿ ಒಣಗಿದ ಕೋಶ ಗಾಜಿನ ಮೇಲೆ ಚಪ್ಪಟೆಯಾಗಿ ಹರಡುತ್ತದೆ, ಆಲ್ಕೋಹಾಲ್‌ಗೆ ಹೋದ ಕೋಶ ಕುಗ್ಗುತ್ತದೆ. ಹಾಗಾಗಿ ಜೀಮ್ಸಾದಲ್ಲಿ ನ್ಯೂಕ್ಲಿಯಸ್ ದೊಡ್ಡದಾಗಿ ಕಾಣೋದು ರೋಗ ಅಲ್ಲ. ಜೀಮ್ಸಾದ ಅಳತೆಯನ್ನು ಪ್ಯಾಪ್‌ನ ಅಳತೆ ಜೊತೆ ನೇರ ಹೋಲಿಸಬೇಡಿ. ಪ್ರತಿ ಸ್ಟೇನ್‌ಗೂ ಅದೇ ಸ್ಟೇನ್ ಹಾಕಿದ ಚೆನ್ನಾಗಿರುವ ಕೆನ್ನೆಯ ಕೋಶವೇ ಅಳತೆಗೋಲು.

## ಹಂತ 8: ಬಯಾಪ್ಸಿ ಜೊತೆ ತಾಳೆ

ಚೆಂದ ಕಾಣುವ ಸ್ಟೇನ್ ಬೇರೆ, ರೋಗ ಹಿಡಿಯುವ ಸ್ಟೇನ್ ಬೇರೆ. ಎರಡನೆಯದನ್ನು ಹೇಳೋಕೆ ಬಯಾಪ್ಸಿ ಬೇಕು.

ಒಂದು ಉದಾಹರಣೆ ಲೆಕ್ಕ ತೆಗೆದುಕೊಳ್ಳಿ. 30 ರೋಗಿಗಳು, ಬಯಾಪ್ಸಿಯಲ್ಲಿ 12 ಜನಕ್ಕೆ ಡಿಸ್‌ಪ್ಲೇಸಿಯಾ. ಪ್ಯಾಪ್ ಅದರಲ್ಲಿ 9 ಹಿಡಿಯಿತು, ಅಂದರೆ ಶೇ. 75. ಡಿಸ್‌ಪ್ಲೇಸಿಯಾ ಇಲ್ಲದ 18ರಲ್ಲಿ 2ನ್ನು ತಪ್ಪಾಗಿ ಇದೆ ಅಂತು, 16 ಸರಿ. ಜೀಮ್ಸಾ 12ರಲ್ಲಿ 7 ಹಿಡಿಯಿತು. 9ಕ್ಕಿಂತ 7 ಕಮ್ಮಿ, ಹಾಗಾಗಿ ಪ್ಯಾಪ್ ಗೆದ್ದಿತು ಅಂತ ಬರೆಯೋಕೆ ಕೈ ಓಡುತ್ತದೆ, ಅಲ್ವಾ? ನಿಲ್ಲಿ. ಎರಡೂ ಸ್ಟೇನ್ ಹಿಡಿದದ್ದು 6, ಪ್ಯಾಪ್ ಮಾತ್ರ ಹಿಡಿದದ್ದು 3, ಜೀಮ್ಸಾ ಮಾತ್ರ ಹಿಡಿದದ್ದು 1, ಎರಡೂ ಬಿಟ್ಟದ್ದು 2 ಅಂತಿಟ್ಟುಕೊಳ್ಳಿ. ನಿಜವಾದ ಸ್ಪರ್ಧೆ 3ಕ್ಕೂ 1ಕ್ಕೂ ಮಾತ್ರ. ಇಷ್ಟರಿಂದ ಏನೂ ಹೇಳೋಕಾಗಲ್ಲ.

ಪ್ರತಿ ರೋಗಿಯಲ್ಲೂ ಅದೇ ರೋಗಿಯ ಸ್ಲೈಡ್‌ಗಳನ್ನು ಹೋಲಿಸುತ್ತಿರುವುದರಿಂದ ಮ್ಯಾಕ್‌ನೆಮಾರ್ ಪರೀಕ್ಷೆ (ಜೋಡಿ ಫಲಿತಾಂಶ ಹೋಲಿಸುವ ಲೆಕ್ಕ) ಬಳಸಿ, ಮಾಮೂಲಿ ಕೈ ಸ್ಕ್ವೇರ್ ಅಲ್ಲ. ಸ್ಲೈಡ್ ನೋಡಿದ ಇಬ್ಬರು ಎಷ್ಟು ಒಪ್ಪುತ್ತಾರೆ ಅಂತ ಅಳೆಯೋಕೆ ಕಪ್ಪಾ ಅನ್ನೋ ಲೆಕ್ಕ. ಎಷ್ಟು ರೋಗಿ ಬೇಕು ಅಂತ ಸ್ಟ್ಯಾಟಿಸ್ಟಿಶಿಯನ್ ಹತ್ತಿರ ಶುರುವಿನಲ್ಲೇ ಕೇಳಿ. ಎಲ್ಲ ಮುಗಿಸಿಕೊಂಡು ಹೋದರೆ ಅವರು ಏನೂ ಮಾಡೋಕಾಗಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ಲ್ಯಾಬ್ ಒಳಗೆ, ಬಿಳಿ ಮಚ್ಚೆಗೆ, ಪ್ಯಾಪ್‌ಗೇ ನನ್ನ ಒಲವು. ಕೆರಟಿನ್ ಯಾವುದು, ಜೀವ ಇರುವ ಕೋಶ ಯಾವುದು ಅಂತ ಬಣ್ಣವೇ ಹೇಳುತ್ತದೆ, ಕ್ರೊಮ್ಯಾಟಿನ್ ಗರಿಗರಿಯಾಗಿ ಕಾಣುತ್ತದೆ. ಕ್ಯಾಂಪಿನಲ್ಲಿ ಆಲ್ಕೋಹಾಲ್ ನಂಬೋಕಾಗದ ಕಡೆ ಒಣಗಿಸಿ ತಂದ ಜೀಮ್ಸಾ ಸ್ಲೈಡ್, ಕೆಟ್ಟು ಹೋದ ಪ್ಯಾಪ್‌ಗಿಂತ ಎಷ್ಟೋ ಮೇಲು.

## ಹಂತ 9: ರಿಪೋರ್ಟ್ ಬರೆಯುವಾಗ

ಎರಡು ವಾರಕ್ಕೂ ವಾಸಿಯಾಗದ ಹುಣ್ಣು, ಕೆಂಪು ಮಚ್ಚೆ, ಮುಟ್ಟಿದರೆ ಗಟ್ಟಿ ಅನ್ನಿಸುವ ಅಂಚು, ಕಾರಣ ಇಲ್ಲದೆ ರಕ್ತ, ತುಟಿ ಅಥವಾ ನಾಲಿಗೆ ಜೋಮು, ಕುತ್ತಿಗೆಯಲ್ಲಿ ಗಂಟು. ಇವುಗಳಲ್ಲಿ ಒಂದಿದ್ದರೂ ಸ್ಮಿಯರ್ ಫಲಿತಾಂಶಕ್ಕೆ ಕಾಯಬೇಡಿ, ನೇರ ಬಯಾಪ್ಸಿ. ಅಡಿಕೆ ಸುಲಿಯೋಕೆ ಹೋಗುವ ಒಬ್ಬ ಅಜ್ಜಿಯ ಕೆನ್ನೆಯಲ್ಲಿ ಕಡಲೆಕಾಳಿನಷ್ಟು ಕೆಂಪು ಮಚ್ಚೆ ಇತ್ತು. ಮೂರೂ ಸ್ಟೇನ್‌ನಲ್ಲಿ ಏನೂ ಸಿಗಲಿಲ್ಲ. "ಏನಿಲ್ಲ ಅಂದ್ರಲ್ಲಪ್ಪಾ, ಹೊರಡ್ತೀನಿ" ಅಂತ ಚೀಲ ಎತ್ತಿಕೊಂಡಿದ್ದರು. "ಅಜ್ಜೀ, ಇನ್ನೊಂದು ಸ್ವಲ್ಪ ಹೊತ್ತು ಕೂತ್ಕೊಳ್ಳಿ" ಅಂತ ಕೂರಿಸಿ ಬಯಾಪ್ಸಿ ತೆಗೆದೆವು. ತೀವ್ರ ಡಿಸ್‌ಪ್ಲೇಸಿಯಾ ಬಂತು.

ಹಾಗಾಗಿ ರಿಪೋರ್ಟಿನಲ್ಲಿ "ನಾರ್ಮಲ್" ಅನ್ನೋ ಒಂದೇ ಪದ ಬರೆಯಬೇಡಿ. ಹೀಗೆ ಬರೆಯಿರಿ: "ಈ ಸ್ಮಿಯರ್‌ನಲ್ಲಿ ಅಸಹಜ ಕೋಶ ಕಾಣಲಿಲ್ಲ. ಮಚ್ಚೆ ಎರಡು ವಾರದಲ್ಲಿ ಹೋಗದಿದ್ದರೆ ಬಯಾಪ್ಸಿ ಮಾಡಿಸಬೇಕು." ಕೆಳಗೆ ಮತ್ತೆ ಬರುವ ತಾರೀಕು, ತಂಬಾಕು ಬಿಡಲು ನೆರವಾಗುವ ಉಚಿತ ಸಹಾಯವಾಣಿ 1800-11-2356. ರಿಜಿಸ್ಟರ್‌ನಲ್ಲಿ ರೋಗಿಯದ್ದಷ್ಟೇ ಅಲ್ಲ, ಮನೆಯಲ್ಲಿ ಫೋನ್ ಎತ್ತುವವರ ನಂಬರನ್ನೂ ಬರೆದುಕೊಳ್ಳಿ. ಆ ತಾರೀಕಿಗೆ ಬರದಿದ್ದರೆ ಮರುದಿನ ಬೆಳಿಗ್ಗೆಯೇ ಫೋನ್ ಮಾಡಿ.